ಸಾಹೇಬರು ನಿದ್ದೆ ಹೋದ ರಸ್ತೆ

ನಮ್ಮ ಭಾಗದ ಹಳ್ಳಿ ರಸ್ತೆಗಳ ಹೊಣೆ ಹೊತ್ತಿರುವ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ಬೀರಪ್ಪನ ದೊಡ್ಡಿಯಿಂದ ಹುನಗುಂದ–ಇಳಕಲ್ಲ ಹೆದ್ದಾರಿಯವರೆಗಿನ ನಮ್ಮೂರ ದಾರಿ "ಸಂಚಾರಕ್ಕೆ ಯೋಗ್ಯವಾಗಿದ್ದು, ಸದ್ಯ ಯಾವುದೇ ದುರಸ್ತಿಯ ಅಗತ್ಯ ಕಂಡುಬಂದಿಲ್ಲ" ಎಂದು ತಾವು ಬರೆದುಕೊಟ್ಟಿದ್ದೀರಿ. ತಮ್ಮ ಮಾತನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ತಾವು ಆ ದಾರಿಯಲ್ಲಿ ಬಂದದ್ದು ನಿಜ, ಹೋದದ್ದು ನಿಜ, ನಡುವೆ ಗೊರಕೆ ಹೊಡೆದದ್ದಂತೂ ಜೀಪಿನಲ್ಲಿದ್ದವರೆಲ್ಲ ಕಿವಿಯಾರೆ ಕೇಳಿದ ನಿಜ. ನನ್ನ ತಕರಾರು ಇಷ್ಟೇ. ತಾವು ಅಂದು ಪರೀಕ್ಷೆ ಮಾಡಿದ್ದು ರಸ್ತೆಯನ್ನಲ್ಲ, ನನ್ನ ಜೀಪಿಗೆ ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ಶಾಕ್ ಅಬ್ಸಾರ್ಬರ್‌ಗಳನ್ನು. ಅವುಗಳಿಗೆ ಸಲ್ಲಬೇಕಾದ ಶಹಬ್ಬಾಸ್‌ಗಿರಿಯನ್ನು ತಾವು ರಸ್ತೆಯ ಹೆಸರಿಗೆ ಬರೆದಿದ್ದೀರಿ. ಅದನ್ನು ವಾಪಸು ಪಡೆಯಬೇಕೆಂದು ಕೇಳುವುದಕ್ಕೆ ಈ ಪತ್ರ. ಲಕೋಟೆಗೆ ಹಾಕಿ ಕಳಿಸಿದ ನನ್ನ ಹಳೆಯ ಪತ್ರಗಳು ತಮ್ಮ ಕಚೇರಿಯಲ್ಲಿ ಸುಖವಾಗಿ ಮಲಗಿರುವುದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ಜೀಪಿನ ಸಮಾಚಾರ. ನಾಲ್ಕೂ ಗಾಲಿ ಎಳೆಯುವ, ಕಲ್ಲು ಕೊರಕಲು ಹತ್ತಿಳಿಯುವ ಹಳೆಯ ಗಾಡಿ ಅದು. ಅಂಥವೇ ಗಾಡಿಗಳನ್ನು ರಜೆಯಲ್ಲಿ ಬಾದಾಮಿ ಗುಡ್ಡಗಳ ಕಡೆ ತರುವ ಪಟ್ಟಣದ ಹುಡುಗರನ್ನು ನೋಡಿದ್ದೇನೆ. ಒಳ್ಳೆಯ ರಸ್ತೆಯನ್ನು ಬಿಟ್ಟು, ಬೇಕೆಂದೇ ಬಂಡೆಯ ಮೇಲೆ ಹತ್ತಿಸಿ, ಕೇಕೆ ಹಾಕಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮ್ಮೂರಲ್ಲಿ ಆ ಆಟ ಆಡಲು ರಸ್ತೆ ಬಿಡಬೇಕಾಗಿಲ್ಲ, ತಮ್ಮ ಇಲಾಖೆಯ ರಸ್ತೆಯೇ ಸಾಕು. ಹಾಲಿನ ಕ್ಯಾನು, ಕಾಲು ಮುರಿದ ಟಗರು, ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಸಂತೆಗೆ ಹೊರಟ ಮುದುಕರು, ಎಲ್ಲರೂ ದಿನವೂ ಪುಕ್ಕಟೆ ಆಡುತ್ತಾರೆ. ಕಲ್ಲುಗಣಿಯ ಲಾರಿಗಳು ಕೆಂಪು ಬಂಡೆ ಹೊತ್ತು ಇದೇ ದಾರಿಯಲ್ಲಿ ಓಡಾಡುತ್ತವೆ. ಮೊದಲೇ ಎರೆಮಣ್ಣು. ಲಾರಿ ಗಾಲಿಯ ಜಾಡು ಮಳೆಗಾಲದಲ್ಲಿ ಕಾಲುವೆ, ಬೇಸಿಗೆಯಲ್ಲಿ ಕಲ್ಲಿನ ಕಟ್ಟೆ. ಡಾಂಬರು ಒಂದು ಕಾಲದಲ್ಲಿತ್ತು ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಹೇಳಿದ್ದನ್ನು ನಂಬಬೇಕು.

ಶಾಕ್ ಅಬ್ಸಾರ್ಬರ್ ಎಂದರೆ ಗಾಲಿ ತಿಂದ ಏಟು ಕೂತವರ ಬೆನ್ನಿಗೆ ಮುಟ್ಟದಂತೆ ನಡುವೆ ನಿಂತು ನುಂಗಿಕೊಳ್ಳುವ, ಎಣ್ಣೆ ತುಂಬಿದ ಕೊಳವೆ. ಇದು ತಮಗೆ ಗೊತ್ತಿರದ ವಿಷಯವಲ್ಲ. ಆದರೆ ತಮ್ಮ ಕಾರಿನಲ್ಲಿ ಅದಕ್ಕೆ ಅಂಥ ಕೆಲಸವೇನೂ ಬಿದ್ದಿರಲಿಕ್ಕಿಲ್ಲ. ನನ್ನ ಜೀಪಿನಲ್ಲಿ ಅವು ನುಂಗಿ ನುಂಗಿ ಸತ್ತಿದ್ದವು. ಇಳಕಲ್ಲಿನ ಗ್ಯಾರೇಜಿನ ನಬಿಸಾಬ ಒಂದನ್ನು ಬಿಚ್ಚಿ ಒತ್ತಿ ತೋರಿಸಿದ. ಸೈಕಲ್ಲಿನ ಹಾಳು ಪಂಪಿನ ಹಾಗೆ ಬುಸಕ್ಕನೆ ಒಳಗೆ ಹೋಗಿ ಬಂತು. "ಇದರಾಗ ಜೀಂವ ಇಲ್ರಿ ನಿಂಗಣ್ಣ. ಸುಮ್ನ ಕಬ್ಬಿಣ ಹೊತ್ತು ತಿರಗಾಕ ಹತ್ತೀರಿ" ಎಂದ. ಹೋದ ವರ್ಷ ಹಾಕಿಸಿದ್ದವು ಅವು. ವರ್ಷದೊಳಗೆ ರಸ್ತೆ ಅವನ್ನು ಚಪ್ಪರಿಸಿ ತಿಂದಿತ್ತು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಜಗಳ ಇರುವುದೇ ಅವಳ ಸಲುವಾಗಿ. ದಾನಮ್ಮ ಇಳಕಲ್ಲಿನ ಗಂಡನ ಮನೆಯಲ್ಲಿ ಸೀರೆ ನೇಯುವುದನ್ನು ಕಲಿತವಳು. ಗಂಡ ತೀರಿದ ಮೇಲೆ ಮಗ್ಗವನ್ನೂ ಕಟ್ಟಿಕೊಂಡು ತವರಿಗೆ ಬಂದಳು. ನಮ್ಮ ಪಡಸಾಲೆಯಲ್ಲೇ ಕುಣಿ ತೋಡಿ ಮಗ್ಗ ಹೂಡಿದೆವು. ಕಳೆದ ಸುಗ್ಗಿಯಲ್ಲಿ ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದವಳು ನಿಚ್ಚಣಿಕೆಯಿಂದ ಜಾರಿ ಬಿದ್ದಳು. ಬಾಗಲಕೋಟೆಯ ನವನಗರದ ದವಾಖಾನೆಯಲ್ಲಿ ಬೆನ್ನಿಗೆ ಸರಳು ಕೂರಿಸಿದರು. ಸೊಂಟದ ಕೆಳಗೆ ಶಕ್ತಿ ಇರಲಿಲ್ಲ. ಡಾಕ್ಟರು ನಮ್ಮ ಕಡೆಯವರೇ, ಬಿಚ್ಚಿ ಹೇಳಿದರು: "ಆಪರೇಷನ್ ಛಲೋ ಆಗೇತಿ. ಇನ್ನ ಕಾಲ ಬರೂದು ವ್ಯಾಯಾಮದ ಮ್ಯಾಲ. ವಾರಾ ತಪ್ಪದ ಕರ್ಕೊಂಡ ಬರ್ರಿ. ಬಂದ್ರ ನಡೀತಾರ. ಆದ್ರ ಹಾದ್ಯಾಗ ಜೋಲಿ ಹೊಡೀಬಾರದ ನೋಡ್ರಿ."

ತಪ್ಪದೆ ಕರೆದುಕೊಂಡು ಬರಬೇಕು, ಮೈ ಕುಲುಕಿ ಜೋಲಿ ಹೊಡೆಯಬಾರದು. ಮಾನ್ಯರೇ, ನಮ್ಮೂರಿನವರಿಗೆ ಈ ಎರಡರಲ್ಲಿ ಒಂದನ್ನು ಮಾತ್ರ ಪಾಲಿಸಲು ಸಾಧ್ಯ. ನಾವು ಮೊದಲನೆಯದನ್ನು ಪಾಲಿಸಿದೆವು. ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂತು, ಕಂಬಿ ಹಿಡಿದು, ನಮಗೆ ನರಳಾಟ ಕೇಳಿಸಬಾರದೆಂದು ಅವಳು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ನನ್ನ ಮುಂದಿದ್ದ ಕನ್ನಡಿಯಲ್ಲಿ ಅದು ಕಾಣುತ್ತಿತ್ತು. ನವನಗರದಲ್ಲಿ ಗಳಿಸಿದ್ದನ್ನು ವಾಪಸು ಬರುವಾಗ ತಮ್ಮ ರಸ್ತೆಯಲ್ಲಿ ಕಳೆದುಕೊಂಡು ಬರುತ್ತಿದ್ದಳು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೆಯೇ ಇದೆ. ಕುಣಿಯೊಳಗೆ ಕಾಲಿಳಿಸಿ ತುಳಿಯದೆ ಆ ಮಗ್ಗ ನಡೆಯುವುದಿಲ್ಲ. ಅವಳಿಗೆ ಬೇಕಾಗಿರುವುದು ಆ ಕುಣಿಯಲ್ಲಿ ಮತ್ತೆ ಕೂಡುವುದು, ಅಷ್ಟೇ.

ಅದಕ್ಕೇ ತಮಗೆ ಬರೆದೆವು, ಮತ್ತೆ ಬರೆದೆವು. ಕೊನೆಗೆ ತಾವು ಸ್ಥಳ ಪರಿಶೀಲನೆಗೆ ಬರುವುದಾಗಿ ಕಚೇರಿಯಿಂದ ಫೋನ್ ಬಂತು. ಜೊತೆಗೊಂದು ಸೂಚನೆ: "ಸಾಹೇಬ್ರ ಕಾರು ನಿಮ್ಮ ರೋಡಿಗಿ ಇಳಿಯೂದಿಲ್ರಿ, ತಳದ ಚೇಂಬರ್ ನೆಲಕ್ಕ ಹೊಡೀತದ. ಹೆದ್ದಾರಿಗಿ ನಿಮ್ಮ ಜೀಪ್ ಕಳಸ್ರಿ." ಸರ್ಕಾರಿ ಕಾರು ಇಳಿಯಲಾರದ ರಸ್ತೆ ಸರಿಯಿದೆಯೋ ಇಲ್ಲವೋ ಎಂದು ನೋಡಲು ಸರ್ಕಾರಿ ಅಧಿಕಾರಿ ಖಾಸಗಿ ಜೀಪು ಕೇಳಿದಾಗ ಪರಿಶೀಲನೆ ಅಲ್ಲಿಗೇ ಮುಗಿದಿತ್ತಲ್ಲವೇ? ಫೋನಿನಲ್ಲೇ ವರದಿ ಬರೆಯಬಹುದಿತ್ತು. ಆದರೆ ತಾವು ಬರುತ್ತೀರೆಂಬ ಖುಷಿಯಲ್ಲಿ ನನಗೂ ಅದು ಹೊಳೆಯಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಮಾತನ್ನು ತಾವು ಕೇಳಬೇಕಿತ್ತು. ನಾನು ಸತ್ತ ಶಾಕ್‌ಗಳ ಜೀಪನ್ನು ಹಾಗೆಯೇ ತಮಗೆ ಕಳಿಸುವವನಿದ್ದೆ. ಒಂದು ಸಲ ತಮ್ಮ ತಲೆ ಮೇಲಿನ ಕಂಬಿಗೆ ಬಡಿದರೆ ಸಾಕು, ಎಂಥ ಅರ್ಜಿಯೂ ಬೇಡ ಎಂದು ನನ್ನ ಲೆಕ್ಕ. ಹಾಸಿಗೆಯಲ್ಲಿದ್ದ ಅಕ್ಕ ಒಪ್ಪಲಿಲ್ಲ.

"ತಮ್ಮಾ, ಆ ಶಾಕ್ ಇಟಗೊಂಡ ಅವ್ರನ್ನ ಕರ್ಕೊಂಡ ಬರಬ್ಯಾಡೋ. ಅವ್ರಿಗೂ ಬೆನ್ನ ಐತಿ. ನನಗಾದದ್ದ ಅವ್ರಿಗ್ಯಾಕ ಆಗಬೇಕು?"

"ಆಗ್ಲಿ ಅಂತನ ಕರಸಾಕ ಹತ್ತೇವಿ ಅಕ್ಕಾ!"

"ಮನಿಗಿ ಕರದು ಹೊಡದಂಗ ಆಕ್ಕೇತಿ. ಬೀರಪ್ಪ ಮೆಚ್ಚತಾನನು?"

ಊರ ದೇವರು ಬೀರಪ್ಪನ ಹೆಸರು ಬಂದ ಮೇಲೆ ನಮ್ಮ ಅವ್ವ ಹುಚ್ಚವ್ವನೂ ಅವಳ ಕಡೆ ಸೇರಿಕೊಂಡಳು. ಮರುದಿನವೇ ಇಳಕಲ್ಲಿಗೆ ಹೋಗಿ ನಾಲ್ಕೂ ಶಾಕ್ ಬದಲಿಸಿದೆ. "ಏನ್ರಿ, ಮನ್ಯಾಗ ಲಗ್ನ ಐತೇನು?" ಎಂದು ನಬಿಸಾಬ ಕೇಳಿದ. ಇಂಜಿನಿಯರ್ ಸಾಹೇಬರು ರಸ್ತೆ ನೋಡಲು ಬರುತ್ತಾರೆ, ಅವರಿಗೆ ಧಕ್ಕೆಯಾಗಬಾರದಲ್ಲ ಎಂದೆ. ಅವನು ಪಾನಾ ಕೈಯಲ್ಲಿ ಹಿಡಿದುಕೊಂಡೇ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಅತ್ತ ಊರಿನಲ್ಲಿ ನೆರೆಮನೆಯ ಹನಮಂತಪ್ಪ ತನ್ನ ಟ್ರ್ಯಾಕ್ಟರಿನಲ್ಲಿ ಗರಸು ತಂದು ದೊಡ್ಡ ಗುಂಡಿಗಳಿಗೆಲ್ಲ ಸುರಿದು ತುಳಿಸಿದ್ದ. ಅವ್ವ ಹೊಸ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಜೀಪಿನ ಮುಂದಿನ ಸೀಟಿಗೆ ಹಾಸಿದಳು. ನಮ್ಮಲ್ಲಿ ಕಂಬಳಿ ಗದ್ದಿಗೆ ಹಾಕುವುದು ದೇವರಿಗೆ, ಇಲ್ಲವೇ ದೇವರಂಥ ಅತಿಥಿಗೆ. ತಾವು ಅದರ ಮೇಲೆ ಕೂತಿರಿ. ಮೆತ್ತಗಿತ್ತಲ್ಲವೇ?

ಅರ್ಧ ದಾರಿ ಬರುವಷ್ಟರಲ್ಲಿ ತಾವು, "ಪರವಾಗಿಲ್ಲವಲ್ರೀ ರಸ್ತೆ! ನಿಮ್ಮ ಅರ್ಜಿ ಓದಿ ನಾನು ಏನೋ ಅಂದುಕೊಂಡಿದ್ದೆ" ಎಂದಿರಿ. ನಾನು "ಸಾಹೇಬ್ರ, ಈ ಶಾಕ್ ನಿನ್ನೆ ಹಾಕಿಸಿದ್ವು..." ಎಂದು ಬಾಯಿ ತೆರೆದೆ. ಹಿಂದೆ ಕೂತಿದ್ದ ಹನಮಂತಪ್ಪ ನನ್ನ ಭುಜ ತಿವಿದ. ಉಣ್ಣಲು ಕೂತವರ ಮುಂದೆ ಉಣಿಸಿದ್ದರ ಲೆಕ್ಕ ಹೇಳಬಾರದೆಂಬುದು ನಮ್ಮ ಕಡೆಯ ರೀತಿ. ಬಾಯಿ ಮುಚ್ಚಿದೆ. ಊರಿನಲ್ಲಿ ಮಾದಲಿ, ತುಪ್ಪ, ಹಾಲು ಉಂಡಿರಿ. ಮಲಗಿದ್ದಲ್ಲಿಂದಲೇ ಕೈಮುಗಿದ ಅಕ್ಕನಿಗೆ "ಬೇಗ ಗುಣವಾಗಲಿ" ಎಂದು ಹರಸಿದಿರಿ. ವಾಪಸು ಹೋಗುವಾಗ ಹೊಟ್ಟೆ ತುಂಬಿತ್ತು, ಕಂಬಳಿ ಬೆಚ್ಚಗಿತ್ತು, ತಮ್ಮ ತಲೆ ವಾಲಿತು. ಹನಮಂತಪ್ಪ ಪಿಸುಗುಟ್ಟಿದ: "ಸಾಹೇಬ್ರ ಮಲಗ್ಯಾರ. ಸಾವಕಾಶ ಹೊಡಿಲೇ ನಿಂಗ್ಯಾ." ನಾನು ಹೊಡೆದೆ. ಅಕ್ಕನನ್ನು ಕೂರಿಸಿಕೊಂಡಾಗ ಹೇಗೆ ಹೊಡೆಯುತ್ತೇನೋ ಹಾಗೆಯೇ, ಒಂದೊಂದು ತಗ್ಗನ್ನೂ ಬಳಸಿ, ಉಸಿರು ಹಿಡಿದು.

ಆಮೇಲೆ ತಮ್ಮ ವರದಿ ಬಂತು. ಓಡೋಡಿ ಕಚೇರಿಗೆ ಬಂದರೆ ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ನನ್ನನ್ನೇ ಗದರಿದರು: "ನೀವ ಜೀಪ್ ತಂದ್ರಿ, ನೀವ ಕರ್ಕೊಂಡ ಹೋದ್ರಿ. ಸಾಹೇಬ್ರು ಕಣ್ಣಾರೆ ನೋಡ್ಯಾರ. ಇನ್ನೇನ್ರಿ ತಕರಾರು?" ಕಣ್ಣಾರೆ! ಮುಚ್ಚಿದ ಕಣ್ಣಿನಿಂದ ಅಷ್ಟು ಸ್ಪಷ್ಟವಾಗಿ ಕಾಣುವ ಶಕ್ತಿ ಯಾವ ಪರೀಕ್ಷೆ ಪಾಸು ಮಾಡಿದರೆ ಬರುತ್ತದೆ? ಬಾಡಿಗೆ ಜೀಪಿಗೂ ಅರ್ಹತಾ ಪತ್ರ ಬೇಕೆನ್ನುವ ಸರ್ಕಾರ ರಸ್ತೆಗೆ ಅದನ್ನು ಕೊಡುವಾಗ ಒಮ್ಮೆ ಕೆಳಗಿಳಿದು ನಾಲ್ಕು ಹೆಜ್ಜೆ ನಡೆಯಬೇಕೆಂಬ ನಿಯಮ ಮಾಡಿಲ್ಲವೇ? ತಾವು ಬಂದ ದಿನ ಗರಸಿನ ಮೇಲೆ ಟ್ರ್ಯಾಕ್ಟರಿನ ಹಸಿ ಗುರುತು ಇನ್ನೂ ಹಾಗೇ ಇತ್ತು. ಇಂಜಿನಿಯರಿಂಗ್ ಓದದ ದನ ಕೂಡ ಅದನ್ನು ಮೂಸಿ ನೋಡುತ್ತಿತ್ತು.

ಮೊದಲ ದೊಡ್ಡ ಮಳೆಗೆ ಗರಸು ಹಳ್ಳ ಸೇರಿತು. ಲಾರಿಗಳು ಉಳಿದದ್ದನ್ನು ಮುಗಿಸಿದವು. ತಮ್ಮನ್ನು ತೂಗಿ ಮಲಗಿಸಿದ ಶಾಕ್‌ಗಳಲ್ಲಿ ಎರಡು ಎಣ್ಣೆ ಕಾರಿಕೊಂಡವು, ಒಂದು ಬುಡದಲ್ಲೇ ಮುರಿದು ನೇತಾಡಿತು. ಅಂದು ಅಕ್ಕ ಜೀಪಿನಲ್ಲಿದ್ದಳು. ಬಾಯಲ್ಲಿದ್ದ ಸೆರಗು ಜಾರಿ, ಅವಳು ಕೂಗಿದ್ದು ಹೊಲದಲ್ಲಿದ್ದವರಿಗೆಲ್ಲ ಕೇಳಿಸಿತು. ಮನೆಗೆ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ, "ಇನ್ನ ನಾ ಜೀಪ್ ಹತ್ತೂದಿಲ್ಲ. ಕಾಲ ಬರದಿದ್ರ ಬ್ಯಾಡ" ಎಂದಳು. ಆ ರಾತ್ರಿ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಅವಳ ಮೇಲೂ ಸಿಟ್ಟು ಬಂತು. ತಮ್ಮ ಬೆನ್ನನ್ನು ಕಾಯಲು ಹೋಗಿ ತನ್ನ ಬೆನ್ನನ್ನು ಕಳೆದುಕೊಂಡ ಹೆಂಗಸು ಅವಳು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ, ಅಳು ಬಂತು.

ಈಗ ನಾವು ಅವಳನ್ನು ಹೊರಸಿನ ಮೇಲೆ ಮಲಗಿಸಿ, ನಾಲ್ವರು ಹೆಗಲು ಕೊಟ್ಟು, ಹೊಲದ ಬದುವಿನ ಮೇಲೆ ಹೆದ್ದಾರಿಯವರೆಗೆ ಹೊರುತ್ತೇವೆ. ಅಲ್ಲಿಂದ ಮುಂದೆ ಒಳ್ಳೆಯ ರಸ್ತೆ, ಬಾಡಿಗೆ ಕಾರು ಸಿಗುತ್ತದೆ. ಮೊದಲ ಸಲ ಹೊತ್ತಾಗ ಎದುರಿಗೆ ಕುರಿ ಕಾಯುವ ಮುದುಕನೊಬ್ಬ ಬಂದ. ನಾಲ್ಕು ಹೆಗಲ ಮೇಲೆ, ಬಿಳಿ ಚಾದರ ಹೊದ್ದು ಮಲಗಿದ ದೇಹ ಕಂಡು ಚಪ್ಪಲಿ ಬಿಟ್ಟು ಬದಿಗೆ ನಿಂತು ಕೈಮುಗಿದ. ಬುತ್ತಿ ಹೊತ್ತು ಬರುತ್ತಿದ್ದ ಒಬ್ಬ ಮುದುಕಿ ಬುಟ್ಟಿ ಇಳಿಸಿ, "ಯಾರ ಮನಿ ಮಗಳೋ ಯವ್ವಾ, ಪುಣ್ಯೇವಂತಿ" ಎಂದು ಕಣ್ಣೊರೆಸಿಕೊಂಡಳು. ಹೊರಸಿನ ಮೇಲಿನಿಂದ ಅಕ್ಕ ಕೈಯೆತ್ತಿದಳು.

"ನಾ ಇನ್ನಾ ಇದ್ದೇನ್ರಿ ಯವ್ವಾ. ದವಾಖಾನಿಗಿ ಹೊಂಟೇನಿ."

ಮುದುಕಿ ಬೆಚ್ಚಿ ಬಿದ್ದು, ಆಮೇಲೆ ನಕ್ಕು, ಆಮೇಲೆ ನಮಗೆ ಬಾಯಿಗೆ ಬಂದಂತೆ ಬೈದಳು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಮೆಲ್ಲಗೆ, "ಒಂದರೆ ಜೋಲಿ ಹೊಡೀಲಿಲ್ಲ ನೋಡೋ ನಿಂಗ್ಯಾ. ನಾಕ ಮಂದಿ ಹೆಗಲು ಭಾಳ ಮೆತ್ತಗ ಇರ್ತಾವ" ಎಂದಳು.

ಆದರೆ ಮಾನ್ಯರೇ, ಕಳೆದ ವಾರ ಅವಳು ನವನಗರದಲ್ಲಿ ಕಂಬಿ ಹಿಡಿದು ನಿಂತಳು. ಕಾಲು ನಡುಗುತ್ತಿತ್ತು, ಆದರೂ ನಿಂತಳು. ಡಾಕ್ಟರು, "ಇದನ್ನ ಬಿಡಬ್ಯಾಡ್ರಿ, ಒಂದ ವಾರನೂ ಬಿಡಬ್ಯಾಡ್ರಿ" ಎಂದರು. ಬಿಡಬಾರದು. ಆದರೆ ಬಿಳಿಜೋಳದ ಸುಗ್ಗಿ ಬರುತ್ತಿದೆ, ಊರಿನ ಹೆಗಲುಗಳಿಗೆ ಬೇರೆ ಕೆಲಸವಿದೆ. ಇನ್ನೊಂದು ಮಳೆ ಬಿದ್ದರೆ ಬದುವೂ ಕೆಸರಾಗಿ, ಹೊತ್ತವರ ಕಾಲು ಜಾರಿದರೆ ಅವಳು ಮತ್ತೆ ಏಳುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ವರದಿಯನ್ನು ರದ್ದು ಮಾಡಿ ಮತ್ತೊಮ್ಮೆ ಬನ್ನಿ, ತಮ್ಮದೇ ಕಾರಿನಲ್ಲಿ, ಎಚ್ಚರವಾಗಿ. ಈ ಸಲ ಜೀಪು ಕಳಿಸುವುದಿಲ್ಲ, ಅಕ್ಕ ಹೇಳಿದರೂ ಕಳಿಸುವುದಿಲ್ಲ. ಸುಗ್ಗಿ ಶುರುವಾಗುವ ಮೊದಲು ರಸ್ತೆಯ ಕೆಲಸ ಶುರುವಾಗಬೇಕು. ಅದು ಆಗದಿದ್ದರೆ, ಪ್ರತಿ ಸೋಮವಾರ ಬೆಳಿಗ್ಗೆ ತಾವೇ ಬಂದು ಹೊರಸಿನ ಒಂದು ಕಾಲಿಗೆ ಹೆಗಲು ಕೊಡಿ. ಎದುರಿಗೆ ಬಂದವರು ಚಪ್ಪಲಿ ಬಿಟ್ಟು ಕೈಮುಗಿದಾಗ, ಮೇಲೆ ಮಲಗಿರುವವಳು ಇನ್ನೂ ಬದುಕಿದ್ದಾಳೆ ಎಂದು ಹೇಳುವ ಕೆಲಸ ತಮ್ಮದು.

ಇಂತಿ,
ಜೀಪಿದ್ದೂ ನಡೆಯುವ, ಹೊರಸಿನ ಮುಂದಿನ ಎಡಗಾಲನ್ನು ಹೊರುವ
ನಿಂಗರಾಜ
ಬೀರಪ್ಪನ ದೊಡ್ಡಿ