ಸೋದರಮಾವನಿಗೆ ರಜೆಯಿಲ್ಲ

ಚಿತ್ರದುರ್ಗ
೧೮ ಮಾರ್ಚ್ ೨೦೨೫

ರಾಮಗಿರಿಯ ತಿಪ್ಪಕ್ಕನಿಗೆ ತಮ್ಮ ಜಂಪಣ್ಣನ ನಮಸ್ಕಾರಗಳು.

ಮದುವೆ ಕಾರ್ಡು ಕೈಸೇರಿ ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಊರಿಗೆಲ್ಲ ಕೇಳಿಸುತ್ತಾರೆ. ದೀಪಾಳನ್ನು ಹಸೆಮಣೆಗೆ ಕರೆತರಬೇಕಾದವನು ನಾನು. ಅವಳಿಗೆ ಇರುವವನು ನಾನೊಬ್ಬನೇ ಸೋದರಮಾವ. ಆದರೂ ನನಗೆ ಬರಲಾಗುವುದಿಲ್ಲ ಅಕ್ಕ.

"ಅಕ್ಕನಿಗಿಂತ ಪಾರ್ಕೇ ಹೆಚ್ಚಾತೇನಲೇ ನಿಂಗೆ?" ಎಂದು ಕಳೆದ ಸಲ ನೀನು ಕೇಳಿದೆ. ನಾನು ಗೇಟು ಕಾಯುವ ಈ ಪಾರ್ಕಿನಲ್ಲಿ ಹೆಚ್ಚೆನ್ನುವಂಥದ್ದು ಏನಿದೆ? ಕಾರಂಜಿ ಇದೆ, ದೊಡ್ಡವರು ಬಂದ ದಿನ ಮಾತ್ರ ಚಿಮ್ಮುತ್ತದೆ. ಮಕ್ಕಳ ರೈಲು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಸಿಮೆಂಟಿನ ಕುರಿಗಳೂ ಇವೆ. ಎಮ್ಮೆ ಕಿವಿ, ನಾಯಿ ಬಾಲ, ನೋಡಿದರೆ ನಕ್ಕು ಸಾಯುತ್ತೀಯ. ಬೋರ್ಡಿನಲ್ಲಿ ಮಾತ್ರ ‘ಇದು ಮೊದಲು ಪಾಳುಭೂಮಿಯಾಗಿತ್ತು’ ಎಂದು ಬರೆಸಿದ್ದಾರೆ. ಅಪ್ಪ ಮೂವತ್ತು ವರ್ಷ ಕುರಿಮಂದೆ ನಿಲ್ಲಿಸಿದ, ನೀನೂ ನಾನೂ ಮರಿ ಕಾಯ್ದ ಜಾಗ ಇವರಿಗೆ ಪಾಳು! ಓದಿದಾಗಲೆಲ್ಲ ಮೈ ಉರಿಯುತ್ತದೆ. ಆಮೇಲೆ ಮತ್ತೆ ಟಿಕೆಟ್ ಹರಿದು ಕೊಡುತ್ತೇನೆ.

ಸೂಪರ್‌ವೈಸರ್ ಕನಕರಾಜ್ ಒಳ್ಳೆಯವನು. ಕಾರ್ಡು ನೋಡಿ, "ಹೋಗಿಬರ್ರಿ ಜಂಪಣ್ಣ, ನಾಕು ದಿನ ಗೇಟಲ್ಲಿ ನಾನೇ ನಿಂತ್ಕಂತೀನಿ" ಎಂದ. ನಾನು ಬೇಡವೆಂದೆ. "ಎಂಥ ಮನುಷ್ಯರ್ರೀ ನೀವು, ನಾಕು ವರ್ಷದಾಗೆ ಒಂದು ರಜಾನೂ ಇಲ್ಲ" ಎಂದು ಗೊಣಗುತ್ತ ಹೋದ. ಗೇಟಿನ ಕೀಲಿಕೈ ನನ್ನ ಸೊಂಟದಲ್ಲೇ ಇದೆ, ಆದರೂ ಹೊರಗೆ ಹೋಗಲಾರೆ. ಭಾವ ಸಿಟ್ಟಾಗುತ್ತಾರೆ ಎಂದು ಗೊತ್ತು.

ಸೀರೆ ಪಾರ್ಸೆಲ್ ಕಳಿಸಿದ್ದೇನೆ. ದೀಪಾಳನ್ನು ಹಸೆಗೆ ಕರೆತರುವುದಕ್ಕೆ ಚಿಕ್ಕಪ್ಪನ ಮಗ ರವೀಂದ್ರನಿಗೆ ಹೇಳು. ಅವಳು ನೂರ್ಕಾಲ ಸುಖವಾಗಿರಲಿ.

ನಿನ್ನ ತಮ್ಮ
ಜಂಪಣ್ಣ

ವಿ.ಸೂ.: ಇದನ್ನು ನೀನೊಬ್ಬಳೇ ಓದು. ಅಪ್ಪ ತೀರಿಕೊಂಡ ಮೇಲೆ ಅವನ ಹೆಸರಲ್ಲಿ ಮಂದೆಯ ಜಾಗದಲ್ಲಿ ಕಲ್ಲು ನಿಲ್ಲಿಸಿ, ಈದ ಕುರಿಯ ಮೊದಲ ಹಾಲು ಎರೆಯುತ್ತಿದ್ದೆವಲ್ಲ, ಅದು ಜೋಪಾನವಾಗಿದೆ ಎಂದು ನಿನಗೆ ಸುಳ್ಳು ಹೇಳಿದ್ದೆ. ಪಾರ್ಕಿನ ಕೆಲಸ ಶುರುವಾದಾಗ ಎಂಜಿನಿಯರು, "ಇದು ಯಾರದಾದ್ರೂ ಕಲ್ಲೇನ್ರಿ?" ಎಂದು ಕೇಳಿದರು. ಹಿರಿಯರ ಕಲ್ಲಿನ ವಿಷಯ ಹೊರಗಿನವರಿಗೆ ಹೇಳಬಾರದೆಂದು ನಮ್ಮ ಮನೆಯ ಕಟ್ಟುಪಾಡು. "ಸುಮ್ನೆ ಕಲ್ಲು ಸಾರ್" ಎಂದುಬಿಟ್ಟೆ. ಮರುದಿನ ಬರುವಷ್ಟರಲ್ಲಿ ಅದನ್ನು ಗೇಟಿನ ಒಳಗೆ ನೆಲಕ್ಕೆ ಹಾಸಿ ಸಿಮೆಂಟು ಹಾಕಿದ್ದರು. ಈಗ ನಿಜ ಹೇಳಿದರೆ ಕಿತ್ತು ಎಲ್ಲಿ ಎಸೆಯುತ್ತಾರೋ ಎಂದು ಭಯ. ಯಾರೂ ತುಳಿಯದಿರಲೆಂದು ಅದರ ಮೇಲೆ ನನ್ನ ಕುರ್ಚಿ ಇಟ್ಟು, ಪಕ್ಕದಲ್ಲಿ ನಿಂತಿರುತ್ತೇನೆ. ನಾನಿಲ್ಲದಿದ್ದರೆ ಕುರ್ಚಿ ಸರಿಸುತ್ತಾರೆ. ಮದುವೆ ಭಾನುವಾರ, ಅಕ್ಕ. ಭಾನುವಾರ ಇಲ್ಲಿಗೆ ಸಾವಿರ ಜನ ಬರುತ್ತಾರೆ.