ಹೆಬ್ಬಾಗಿಲು ಮುಚ್ಚಿದರೇನು

ಸೋಲೋ, ಮಂಗಳವಾರ, ಮೇ ೧೦, ೨೦೦೫

ಗುನಾರ್ತೊನ ನಗು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಎದುರು ಇಂಟರ್ನೆಟ್ ಅಂಗಡಿ ಅವನದು. ನನ್ನದೂ ಅಂಥದ್ದೇ ಅಂಗಡಿ; ನನ್ನ ಕಂಪ್ಯೂಟರುಗಳಿಗೆ ಹೊಸ ಬ್ರೌಸರ್ ಹಾಕಿದಾಗಿನಿಂದ ಅವನಿಗೆ ನಾನೇ ವಿದೂಷಕ.

ಊರಿಗೆಲ್ಲ ವೈರಸ್ ಹರಡುತ್ತಿದೆ ಎಂದು ಬೆಳಿಗ್ಗೆ ಅಪ್‌ಡೇಟ್ ತಾಣ ತೆರೆದೆ. ಹಳೆಯ ಬ್ರೌಸರಿನಲ್ಲಿ ಬಂದರಷ್ಟೇ ಪ್ರವೇಶ ಎಂದಿತು. ಗುನಾರ್ತೊ ನನ್ನ ಹಿಂದೆಯೇ ನಿಂತಿದ್ದ!

"ಏನ್ ಪಾಕ್ ವಿರ್ಯೊ ಯಜಮಾನ್ರೇ, ನಾಟಕದಲ್ಲಿ ರಾಜ, ಇಲ್ಲಿ ಭಿಕ್ಷುಕನಾ? ತಿರುಗಿ ಹಳೇ ಗಂಡನ ಪಾದವೇ ಗತಿ ಬಿಡಿ!" ಗಿರಾಕಿಗಳೆಲ್ಲ ನಕ್ಕರು.

ಎಲಾ ಪಾಪಿ! ನಮ್ಮೂರ ಕೆತೊಪ್ರಾಕ್ ನಾಟಕದ ರಂಗದಲ್ಲಿ ಕಿರೀಟ ಹೊತ್ತವನು ನಾನು. ಹೆಬ್ಬಾಗಿಲು ಮುಚ್ಚಿದ ಕೋಟೆಗೆ ಹಿತ್ತಲ ಬಾಗಿಲು ಇರಲೇಬೇಕು. ಹುಡುಕಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಪ್‌ಡೇಟ್ ತಾನಾಗಿಯೇ ಬರುವಂತೆ ಮಾಡುವ ಆಯ್ಕೆಯಿತ್ತು. ಅದಕ್ಕೆ ಯಾವ ಬ್ರೌಸರಿನ ಹಂಗೂ ಇಲ್ಲ. ಒತ್ತಿದೆ. ಮಧ್ಯಾಹ್ನದೊಳಗೆ ನನ್ನ ಸೈನ್ಯವೆಲ್ಲ ಕವಚ ತೊಟ್ಟಿತು.

ಸಂಜೆ ವೈರಸ್ ಹೊಕ್ಕು ಗುನಾರ್ತೊನ ಕಂಪ್ಯೂಟರುಗಳು ತಾವೇ ಆರಿ ತಾವೇ ಹೊತ್ತಿಕೊಳ್ಳತೊಡಗಿದವು. ಹಳೆಯ ಬ್ರೌಸರಿನ ಅವನಿಗೆ ಹೆಬ್ಬಾಗಿಲು ತೆರೆದೇ ಇದ್ದರೂ ಪುಣ್ಯಾತ್ಮ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ!

"ಪಾಕ್, ನೀವು ಹೆಂಗ್ ಮಾಡಿದ್ರಿ? ಬಂದು ಸರಿ ಮಾಡ್ಕೊಡಿ, ಕೈ ಮುಗೀತೀನಿ!" ರಸ್ತೆಯಾಚೆಯಿಂದ ಕೂಗಿದ.

"ಕೈ ಸಾಲದಪ್ಪಾ! ದರ್ಬಾರಿಗೆ ಬರೋರು ಕುಕ್ಕರುಗಾಲಲ್ಲಿ ಬರ್ಬೇಕು!"

ಬಂದ! ಬೆಚಾ ಸೈಕಲ್‌ರಿಕ್ಷಾ ತುಳಿಯುವವರು ಶಿಳ್ಳೆ ಹೊಡೆಯುತ್ತಿರಲು, ಅರಮನೆಯ ಸೇವಕರಂತೆ ಕುಕ್ಕರುಗಾಲಲ್ಲೇ ರಸ್ತೆ ದಾಟಿ ಬಂದ. ನಾನು ಎದ್ದು, ಗಂಟಲು ಸರಿಮಾಡಿಕೊಂಡು ಗುಡುಗಿದೆ: "ರಾಜರು ವಿಶ್ರಾಂತಿಯಲ್ಲಿದ್ದಾರೆ. ನಾಳೆ ಬಾ."

ನಾಳೆ ಹೇಳಿಕೊಡುತ್ತೇನೆ. ಬಹುಶಃ. ಅವನ ಅಂಗಡಿ ಕತ್ತಲಾಗಿದೆ, ಕಿಟಕಿಯಿಂದ ಕಾಣುತ್ತದೆ. ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಸಲ ಆ ಕತ್ತಲನ್ನು ನೋಡಿ ಬಂದು ಮಲಗುತ್ತೇನೆ.