ಉಮಿ ಬೂದಿಯಲ್ಲಿ ಎರಡು ದಿನ

ದಿನೇಶ್ ಭಾವನಿಗೆ,

ನಮ್ಮ ಮನೆಯ ಅಳಿಯನಿಗೆ ನಮಸ್ಕಾರ ಎಂದು ಶುರು ಮಾಡಬೇಕಿತ್ತು. ಮನಸ್ಸು ಬರಲಿಲ್ಲ. ನನ್ನ ಅಪ್ಪ ಮಾರಪ್ಪನ ಹತ್ತಿರ ಆರು ವರ್ಷ ವೆಲ್ಡಿಂಗ್ ಮಾಡಿದಿರಿ. ಸರಿಯಾಗಿ ಕಲಿತದ್ದು ಕಪ್ಪು ಕನ್ನಡಕ ಹಾಕಿಕೊಳ್ಳುವುದನ್ನು ಮಾತ್ರ.

ಹೊಸನಗರದ ಮಂಜುನಾಥಪ್ಪನ ಆಲೆಮನೆಯಿಂದ ಕಬ್ಬಿನ ಗಾಣದ ಚೌಕಟ್ಟು ಸೀಳಿಕೊಂಡು ನಮ್ಮ ಸಾಗರದ ಅಂಗಡಿಗೆ ಬಂದಿತ್ತು. ಬೀಡು ಕಬ್ಬಿಣ. ಬಾಗುವ ಜಾತಿಯಲ್ಲ, ಒಡೆಯುವ ಜಾತಿ. ಅಪ್ಪ ಬಿರುಕಿನ ಎರಡೂ ತುದಿಗೆ ತೂತು ಕೊರೆದು, ಇಡೀ ತುಂಡನ್ನು ಇದ್ದಿಲಿನಲ್ಲಿ ಕಾಯಿಸಿ, ಒಂದೊಂದೇ ಇಂಚು ಬೆಸೆದು, ಪ್ರತಿ ಇಂಚಿಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಿಧಾನ ಆರಲೆಂದು ಬಿಸಿ ಉಮಿ ಬೂದಿಯಲ್ಲಿ ಹೂತಿಟ್ಟರು. "ಬೀಡು ಅಂದ್ರೆ ಬಾಣಂತಿ ಇದ್ದಂಗೆ ಮಾರಾಯ್ರೆ, ಎರಡು ದಿನ ಗಾಳಿ ತಾಗಿಸ್ಬ್ಯಾಡಿ" ಎಂದು ನಿಮಗೆ ಹೇಳಿ ಸಿಗಂದೂರಿನ ಬಸ್ಸು ಹತ್ತಿದರು.

ಆತುರಗಾರನಿಗೆ ಬುದ್ಧಿ ಮಟ್ಟ. ಮಂಜುನಾಥಪ್ಪ ಫೋನಿನಲ್ಲಿ ಅವಸರಿಸಿದ್ದೇ ತಡ, ಅದೇ ಮಧ್ಯಾಹ್ನ ಬೂದಿ ಕೆದಕಿ, ತುಂಡನ್ನು ಹೊರಗೆಳೆದು ನೀರು ಹೊಯ್ದಿರಿ. ಟಿಣ್ ಎಂದಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು. ಅದಕ್ಕೆ ಪುಟ್ಟಿ ಮೆತ್ತಿ, ಹಸಿರು ಬಣ್ಣ ಬಳಿದು, "ಎಂತ ಆಗಲ್ಲ ಬಿಡು, ಈ ವರ್ಷದ ಕಬ್ಬಿಗೆ ಓಡ್ತದೆ" ಎಂದಿರಿ. ಓಡಿದ್ದು ನಾಲ್ಕು ದಿನ. ಐದನೆಯ ದಿನ ಚೌಕಟ್ಟು ಒಡೆದು ರೋಲರ್ ಜಾರಿತು. ಮಂಜುನಾಥಪ್ಪನ ಹೆಂಡತಿ ಕೆರಿಯಮ್ಮ ಗಾಣಕ್ಕೆ ಕಬ್ಬು ಕೊಡುತ್ತಿದ್ದರು; ಅವರ ಬಲಗೈ ಒಳಗೆ ಹೋಯಿತು. ಉಳಿದದ್ದು ಹೆಬ್ಬೆರಳು.

"ನನ್ನ ಕೈಯಿಂದ್ಲೇ ತಪ್ಪಾಯ್ತು" ಎಂದು, ನಾನು ಕಂಡದ್ದನ್ನೆಲ್ಲ ತಿಳಿದೂ, ಅಪ್ಪ ಅವರ ಅಂಗಳದಲ್ಲಿ ನಿಂತು ಹೇಳಿದರು. ನಿಮ್ಮ ಜೊತೆ ಸುಷ್ಮಕ್ಕನ ಸಂಸಾರ ಉಳಿಯಲಿ ಎಂದು. ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ನೀವು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದಿರಿ. ಆಮೇಲೆ ಅಪ್ಪನ ಕೈಗೆ ಯಾರೂ ಒಂದು ಗುದ್ದಲಿಯನ್ನೂ ಕೊಡಲಿಲ್ಲ. ಮೂವತ್ತು ವರ್ಷ ಬೆಸುಗೆ ಹಾಕಿದವರು ಎರಡು ವರ್ಷ ಬರಿಗೈಯಲ್ಲಿ ಕೂತು ತೀರಿಕೊಂಡರು. ನಿಮ್ಮನ್ನು ಕಂಡರೆ ನನಗೆ ಅಸಹ್ಯ, ಭಾವ. ಇಷ್ಟು ಬರೆದ ಮೇಲೆ ಹೊಟ್ಟೆ ತಣ್ಣಗಾಗಿದೆ.

ತೀರ್ಥಹಳ್ಳಿಯಲ್ಲಿ ನಿಮ್ಮ ಹೊಸ ಅಂಗಡಿಯ ಪೂಜೆಯಂತೆ. ದೀಪ ಹಚ್ಚಲು ಅಪ್ಪನ ಕಾಲದ ಹಿರಿಯರೊಬ್ಬರನ್ನು ಕಳಿಸು ಎಂದಿದ್ದೀರಿ. ಆಣೆ ಅಪ್ಪನ ಜೊತೆಗೇ ಹೋಯಿತು; ಕಳೆದ ವಾರ ಹೊಸನಗರಕ್ಕೆ ಹೋಗಿ ಕೆರಿಯಮ್ಮನಿಗೆ ಎಲ್ಲ ಹೇಳಿ ಬಂದೆ. ಸೋಮವಾರ ಪೂಜೆಗೆ ಅವರೇ ಬರುತ್ತಾರೆ. ಕಡ್ಡಿ ಗೀರಲು ಅವರಿಗೆ ಆಗುವುದಿಲ್ಲ, ನೀವೇ ಕೈ ಹಿಡಿದು ಹಚ್ಚಿಸಿ. ಇನ್ನೂ ಅಪ್ಪನದೇ ತಪ್ಪೆಂದು ನಂಬಿರುವ ಅಕ್ಕ ಕ್ಷಮೆ ಕೇಳಲು ಅವರ ಕಾಲಿಗೆ ಬೀಳುತ್ತಾಳೆ. ಅಷ್ಟರೊಳಗೆ ನಿಜ ಹೇಳಿಬಿಡಿ. ನೀವು ಹೇಳದಿದ್ದರೆ ಕೆರಿಯಮ್ಮ ಹೇಳುತ್ತಾರೆ.

ನಿಮ್ಮ ಅಂಗಡಿಗೆ ಬರುವವರ ಕೈಕಾಲನ್ನು ಚೌಡೇಶ್ವರಿ ಕಾಪಾಡಲಿ.

ಮಾರಪ್ಪನ ಮಗಳು,
ಲಿಖಿತಾ